ನೀವು ಕೇಳಿದ್ದು: ಕಾಗದದ ಜೊತೆ ಬಂದ ಹೈಡ್ರಾ, ಕೊಳದ ಮೇಲೆ ಒಂದು ಚಮಚ ಎಣ್ಣೆ

ಹೋದ ಸಂಚಿಕೆಯಲ್ಲಿ, ಹದಿನೆಂಟನೇ ಶತಮಾನದ ಯುರೋಪಿನ ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆಯುತ್ತಿದ್ದ ಕಾಗದಗಳ ಬಗ್ಗೆ ನಾಲ್ಕು ಸಾಲು ಬಂದಿತ್ತು. ಅಷ್ಟಕ್ಕೇ ರಾಶಿ ಪ್ರಶ್ನೆಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಒಬ್ಬ ಎಲ್ಲೋ ಕೂತು ‘ನಾನು ಹೀಗೆ ಕಂಡೆ’ ಅಂತ ಕಾಗದ ಬರೆದರೆ ಬೇರೆ ದೇಶದವರು ನಂಬುತ್ತಿದ್ದದ್ದು ಹೇಗೆ? ಫೋಟೊ ಇಲ್ಲ, ವಿಡಿಯೊ ಇಲ್ಲ. ಸುಳ್ಳು ಬರೆದರೆ?

ಬರೀ ಕಾಗದ ನೋಡಿ ನಂಬುತ್ತಿರಲಿಲ್ಲ. ಓದಿದವನು ತನ್ನ ಮನೆಯಲ್ಲಿ ಅದನ್ನೇ ಮಾಡಿ ನೋಡಬೇಕು, ಒಳ್ಳೆಯ ಕಾಗದ ಇರುತ್ತಿದ್ದದ್ದೇ ಅದಕ್ಕೆ. ಹಾಗಾಗಿ ಯಾವ ಪಾತ್ರೆ, ಎಷ್ಟು ನೀರು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಎಷ್ಟು ಹೊತ್ತು ಕಾದೆ, ಎಲ್ಲವನ್ನೂ ಬಿಡದೆ ಬರೆಯಬೇಕಿತ್ತು. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಒಂದು ಪುಟ್ಟ ನೀರುಜೀವಿಯದು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಹೇಳುತ್ತೇನೆ.

1740ರ ಬೇಸಿಗೆ. ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಹಾಲೆಂಡಿನ ಹೇಗ್ ನಗರದ ಹತ್ತಿರ, ಬೆಂಟಿಂಕ್ ಎಂಬ ಕೌಂಟ್ ಮನೆಯಲ್ಲಿ ಇಬ್ಬರು ಗಂಡುಮಕ್ಕಳ ಪಾಠದ ಮೇಷ್ಟ್ರಾಗಿದ್ದ. ಹಳ್ಳದ ನೀರಿನ ಗಿಡಗಳನ್ನು ತಂದು ಗಾಜಿನ ಜಾಡಿಯಲ್ಲಿ ಹಾಕಿಟ್ಟಿದ್ದ. ಅದರಲ್ಲಿ ಎಲೆಗೆ ಅಂಟಿಕೊಂಡು ಹಸಿರು ಬಣ್ಣದ ಸಣ್ಣ ಸಣ್ಣ ಏನೋ ಕಂಡವು. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ಒಂದು ತುದಿಯಲ್ಲಿ ದಾರದಂಥ ತೋಳುಗಳು. ಹಸಿರಾಗಿವೆ, ಗಿಡಕ್ಕೆ ಅಂಟಿವೆ, ಹಾಗಾಗಿ ಇವೂ ಗಿಡವೇ ಅಂದುಕೊಂಡ. ಆದರೆ ಜಾಡಿಯನ್ನು ಅಲ್ಲಾಡಿಸಿದಾಗ ಅವು ಮುದುಡಿಕೊಂಡವು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಉದ್ದವಾದವು. ನಿಧಾನವಾಗಿ ಜಾಗವನ್ನೂ ಬದಲಿಸುತ್ತಿದ್ದವು. ಎಲ್ಲಾ ಬೆಳಕಿನ ಕಡೆಯ ಗಾಜಿಗೆ ಬಂದು ಸೇರುತ್ತಿದ್ದವು. ಜಾಡಿಯನ್ನು ತಿರುಗಿಸಿ ಇಟ್ಟರೆ ಮತ್ತೆ ಹೊರಟು ಬೆಳಕಿನ ಕಡೆಗೇ ಬರುತ್ತಿದ್ದವು.

ಇದು ಗಿಡವೋ ಪ್ರಾಣಿಯೋ? ತೀರ್ಮಾನ ಮಾಡಲು ಅವನು ಒಂದನ್ನು ಅಡ್ಡಕ್ಕೆ ಕತ್ತರಿಸಿದ. ಗಿಡವಾದರೆ ಎರಡೂ ತುಂಡು ಬದುಕಬಹುದು, ಪ್ರಾಣಿಯಾದರೆ ಸಾಯಬೇಕು, ಇದು ಅವನ ಲೆಕ್ಕ. ಎರಡೂ ಬದುಕಿದವು. ಕೆಲವು ದಿನ ಕಳೆದ ಮೇಲೆ ಬಾಲದ ತುಂಡಿಗೆ ಹೊಸ ತೋಳುಗಳು ಬಂದವು. ಹಾಗಾದರೆ ಗಿಡ ಅನ್ನಬೇಕು. ಆದರೆ ಇದೇ ಜೀವಿ ತೋಳು ಚಾಚಿ ಹುಳು ಹಿಡಿದು ನುಂಗುವುದನ್ನೂ ಅವನು ನೋಡಿದ. ಇವತ್ತು ನಾವು ಹೈಡ್ರಾ ಅನ್ನುವುದು ಇದನ್ನೇ. ಪ್ರಾಣಿಯನ್ನು ಎರಡು ತುಂಡು ಮಾಡಿದರೆ ಎರಡು ಪ್ರಾಣಿ ಆಗುತ್ತದೆ ಅಂತ ಬರೆದರೆ ಯಾರು ತಾನೇ ಒಪ್ಪುತ್ತಾರೆ? ಟ್ರೆಂಬ್ಲೆ ಪ್ಯಾರಿಸ್‌ನ ರೆಯೊಮ್ಯೂರ್‌ಗೆ ಕಾಗದ ಬರೆದ. ಕೀಟಗಳ ವಿಷಯದಲ್ಲಿ ಯುರೋಪಿನಲ್ಲೇ ದೊಡ್ಡ ಹೆಸರು ಅವನದು. ಕಾಗದದ ಜೊತೆ ಜೀವಂತ ಹೈಡ್ರಾಗಳನ್ನೂ ಕಳಿಸಿದ.

ಮೊದಲ ಸಲ ಕಳಿಸಿದವೆಲ್ಲ ದಾರಿಯಲ್ಲೇ ಸತ್ತವು. ಸೀಸೆಯ ಬಾಯಿಗೆ ಅರಗು ಹಾಕಿ ಮುಚ್ಚಿದ್ದರು, ಗಾಳಿ ಇಲ್ಲದೆ ಉಸಿರುಕಟ್ಟಿತ್ತು. ಎರಡನೇ ಸಲ ಬರೀ ಬಿರಡೆ ಹಾಕಿ ಕಳಿಸಿದ. ಅವು ಪ್ಯಾರಿಸ್‌ಗೆ ಬದುಕಿಯೇ ಬಂದವು. 1741ರ ಮಾರ್ಚ್‌ನಲ್ಲಿ ರೆಯೊಮ್ಯೂರ್ ಅವನ್ನು ಅಲ್ಲಿನ ವಿಜ್ಞಾನ ಅಕಾಡೆಮಿಯವರ ಮುಂದೆ ಇಟ್ಟ, ತಾನೇ ಕತ್ತರಿಸಿಯೂ ನೋಡಿದ. ಆಮೇಲೆ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷ ಮಾರ್ಟಿನ್ ಫೋಕ್ಸ್‌ಗೂ ಹೈಡ್ರಾ ಹೋದವು. ಅಲ್ಲಿನವರೂ ಕತ್ತರಿಸಿದರು, ಕಾದರು, ಬೆಳೆಯುವುದನ್ನು ಕಣ್ಣಾರೆ ಕಂಡರು. 1743ರಲ್ಲಿ ಸೊಸೈಟಿ ಟ್ರೆಂಬ್ಲೆಗೆ ತನ್ನ ದೊಡ್ಡ ಗೌರವವಾದ ಕಾಪ್ಲಿ ಪದಕ ಕೊಟ್ಟಿತು. ಅಷ್ಟು ಹೊತ್ತಿಗೆ ಅವನು ಇನ್ನೂ ಮುಂದೆ ಹೋಗಿ, ಹಂದಿಯ ಗಡಸು ಕೂದಲಿನಿಂದ ಹೈಡ್ರಾವನ್ನು ಚೀಲ ಮಗುಚಿದಂತೆ ಒಳಹೊರಗು ಮಾಡಿದ್ದ. ಅದು ಹಾಗೂ ಬದುಕಿತು.

ಅವನ ಗುಣ ಇಲ್ಲೇ ಗೊತ್ತಾಗುತ್ತದೆ, ಅಲ್ವಾ? ‘ನನ್ನ ಮಾತು ನಂಬಿ’ ಅನ್ನಲಿಲ್ಲ. ಕೇಳಿದವರಿಗೆಲ್ಲ ಜೀವಿಯನ್ನೇ ಕಳಿಸಿದ, ಸಾಕುವುದು ಹೇಗೆ, ಏನು ತಿನ್ನಿಸಬೇಕು, ಎಲ್ಲಿ ಕತ್ತರಿಸಬೇಕು ಅಂತಲೂ ಬರೆದ. ಸುಳ್ಳು ಬರೆಯುವವನು ಈ ದಾರಿ ಹಿಡಿಯುವುದಿಲ್ಲ.

ಪ್ರಶ್ನೆ: ಕಾಗದದಲ್ಲಿ ಜಗಳ, ತಕರಾರು ಇರುತ್ತಿರಲಿಲ್ಲವೇ? ಎಲ್ಲರೂ ಬರೀ ಹೊಗಳುತ್ತಿದ್ದರೇ?

ತಕರಾರು ಬೇಕಾದಷ್ಟು ಇತ್ತು. ಅದರಲ್ಲೂ ಸ್ನೇಹಿತರ ತಕರಾರಿನಿಂದ ಆದ ಉಪಕಾರ ದೊಡ್ಡದು. ಟ್ರೆಂಬ್ಲೆಯ ನೆಂಟ, ಜಿನೀವಾದ ಶಾರ್ಲ್ ಬೊನೆಯನ್ನೇ ನೋಡಿ. 1740ರಲ್ಲಿ ಅವನಿಗೆ 20 ವರ್ಷ. ಗಿಡದ ರಸ ಹೀರುವ ಪುಟ್ಟ ಕೀಟ ಸಸ್ಯಹೇನು ಗಂಡಿನ ಜೊತೆ ಸೇರದೆಯೇ ಮರಿ ಹಾಕುತ್ತದೆಯೇ ಅನ್ನುವುದು ಆಗಿನ ಪ್ರಶ್ನೆ. ಬೊನೆ ಆಗ ತಾನೇ ಹುಟ್ಟಿದ ಒಂದು ಹೇನನ್ನು, ತಿನ್ನಲು ಒಂದು ಕೊಂಬೆಯ ಸಮೇತ, ಮೇ 20ರಂದು ಗಂಟೆಯಾಕಾರದ ಗಾಜಿನ ಮುಚ್ಚಳದ ಕೆಳಗೆ ಒಂಟಿಯಾಗಿ ಇಟ್ಟ. ದಿನಾ ಬೆಳಗಿನ ಜಾವದಿಂದ ರಾತ್ರಿಯವರೆಗೆ ಗಂಟೆ ಗಂಟೆಗೂ ಭೂತಗನ್ನಡಿ ಹಿಡಿದು ನೋಡುತ್ತಾ ಕೂತ. ಅದು ಪೊರೆ ಬಿಟ್ಟಿದ್ದನ್ನೂ ಬರೆದುಕೊಂಡ. ಜೂನ್ 1ರಂದು ಮೊದಲ ಮರಿ ಬಂತು, 21ರ ಹೊತ್ತಿಗೆ ಒಟ್ಟು 95.

ಬೇರೆಯವರಾಗಿದ್ದರೆ ಅಷ್ಟಕ್ಕೆ ಮುಗಿಸುತ್ತಿದ್ದರು. ಟ್ರೆಂಬ್ಲೆ ಕಾಗದ ಬರೆದು ಕೇಳಿದ: ಅದರ ತಾಯಿ ಗಂಡಿನ ಜೊತೆ ಸೇರಿದ್ದೇ ಮಗಳಿಗೂ ಮೊಮ್ಮಗಳಿಗೂ ಸಾಕಾಗಿರಬಹುದಲ್ಲ? ಬೊನೆ ಬೇಜಾರು ಮಾಡಿಕೊಳ್ಳಲಿಲ್ಲ. ಮರಿಯ ಮರಿಯನ್ನು ಒಂಟಿಯಾಗಿಟ್ಟ, ಅದರ ಮರಿಯನ್ನೂ ಒಂಟಿಯಾಗಿಟ್ಟ, ಹೀಗೆ ಹಲವು ತಲೆಮಾರು ಮುಂದುವರಿಸಿದ. ಪ್ರತಿ ಸಲವೂ ಮರಿ ಬಂತು. ಆ ಒಂದು ಪ್ರಶ್ನೆ ಬರದಿದ್ದರೆ ಅವನ ಕೆಲಸ ಅರ್ಧಕ್ಕೇ ನಿಂತಿರುತ್ತಿತ್ತು ಅಂತ ನನ್ನ ಅಭಿಪ್ರಾಯ. ಮುಂದೆ ಬೊನೆಯ ದೃಷ್ಟಿ ತೀರಾ ಕೆಟ್ಟಿತು, ಭೂತಗನ್ನಡಿಯ ಕೆಲಸ ಬಿಡಬೇಕಾಯಿತು. ಅದನ್ನು ಓದಿದಾಗ ಸಂಕಟ ಆಗುತ್ತದೆ.

ಪ್ರಶ್ನೆ: ಅಂಚೆ ಖರ್ಚು ಯಾರು ಕೊಡುತ್ತಿದ್ದರು? ಕಾಗದ ಮುಟ್ಟಲು ಎಷ್ಟು ದಿನ?

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು. ದೂರ ಎಷ್ಟು, ಹಾಳೆ ಎಷ್ಟು ಅಂತ ಲೆಕ್ಕ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಹಾಗಾಗಿ ಲಕೋಟೆ ಬಿಟ್ಟು, ಬರೆದ ಹಾಳೆಯನ್ನೇ ಮಡಿಚಿ ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದರು. ಪಾರ್ಲಿಮೆಂಟ್ ಸದಸ್ಯರ ಸಹಿ ಇದ್ದರೆ ಪುಕ್ಕಟೆ, ಆದ್ದರಿಂದ ಅಂಥ ಸ್ನೇಹಿತರಿಗೆ ಬೇಡಿಕೆ ಜಾಸ್ತಿ. ಅಟ್ಲಾಂಟಿಕ್ ದಾಟಲು ಒಂದೂವರೆ ಎರಡು ತಿಂಗಳು ಸಾಮಾನ್ಯ, ಗಾಳಿ ಎದುರಾದರೆ ಇನ್ನೂ ತಡ. ಉತ್ತರ ಬರುವ ಹೊತ್ತಿಗೆ ಋತುವೇ ಬದಲಾಗಿರುತ್ತಿತ್ತು.

ಇಷ್ಟಾದರೂ ಬರೆದರು ನೋಡಿ. ಸ್ವಿಟ್ಜರ್ಲೆಂಡಿನ ಆಲ್ಬ್ರೆಕ್ಟ್ ಫಾನ್ ಹಾಲರ್ ಎಂಬ ವೈದ್ಯ-ಸಸ್ಯಶಾಸ್ತ್ರಜ್ಞನ ಕಾಗದಗಳು, ಅವನು ಬರೆದದ್ದು ಮತ್ತು ಅವನಿಗೆ ಬಂದದ್ದು ಸೇರಿ, ಸುಮಾರು 17,000 ಇವತ್ತಿಗೂ ಉಳಿದಿವೆ.

ಪ್ರಶ್ನೆ (ಎಂಟನೇ ತರಗತಿಯ ಓದುಗನಿಂದ): ಫ್ರಾಂಕ್ಲಿನ್ ನಿಜವಾಗಲೂ ಮಿಂಚಿನಲ್ಲಿ ಗಾಳಿಪಟ ಹಾರಿಸಿದರಾ? ಹಾಗಾದರೆ ಅವರಿಗೆ ಯಾಕೆ ಏನೂ ಆಗಲಿಲ್ಲ?

ಒಳ್ಳೆ ಪ್ರಶ್ನೆ ಪುಟ್ಟಾ. ಮೊದಲೇ ಒಂದು ಮಾತು: ಇದನ್ನು ಯಾವತ್ತೂ ಮಾಡಿ ನೋಡಬಾರದು, ಸ್ನೇಹಿತರು ಮಾಡುತ್ತೇವೆ ಅಂದರೂ ಬಿಡಬಾರದು. ಯಾಕೆ ಅಂತ ಕೊನೆಗೆ ನಿನಗೇ ಗೊತ್ತಾಗುತ್ತದೆ.

ಲಂಡನ್ನಿನಲ್ಲಿ ಪೀಟರ್ ಕಾಲಿನ್ಸನ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಗಿಡಗಳ ಹುಚ್ಚು, ಜೊತೆಗೆ ರಾಯಲ್ ಸೊಸೈಟಿಯ ಸದಸ್ಯ. 1740ರ ದಶಕದ ನಡುವೆ ಅವನು ಅಮೆರಿಕದ ಫಿಲಡೆಲ್ಫಿಯದ ಒಂದು ಗ್ರಂಥಾಲಯಕ್ಕೆ ಗಾಜಿನ ಕೊಳವೆಯೊಂದನ್ನು ಕಳಿಸಿದ. ಅದನ್ನು ಉಜ್ಜಿದರೆ ವಿದ್ಯುತ್ ಹುಟ್ಟುತ್ತದೆ, ಕಿಡಿ ಹಾರುತ್ತದೆ. ಆ ಗ್ರಂಥಾಲಯ ಕಟ್ಟಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಅವನು ಆ ಕೊಳವೆ ಹಿಡಿದು ಕೂತವನು ಬೇರೆ ಕೆಲಸವನ್ನೇ ಮರೆತ. ಮಾಡಿದ್ದನ್ನೆಲ್ಲ ಕಾಲಿನ್ಸನ್‌ಗೆ ಬರೆದ. ಆ ಕಾಗದಗಳೇ 1751ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಮಿಂಚು ಅಂದರೆ ವಿದ್ಯುತ್ತೇ ಇರಬಹುದು, ಎತ್ತರಕ್ಕೆ ಚೂಪು ಕಬ್ಬಿಣದ ಸರಳು ನಿಲ್ಲಿಸಿ ಪರೀಕ್ಷೆ ಮಾಡಬಹುದು ಅಂತ ಅದರಲ್ಲಿತ್ತು.

ಫ್ರಾನ್ಸಿನ ದಾಲಿಬಾರ್ ಅದನ್ನು ಓದಿ, ಮಾರ್ಲಿ ಎಂಬ ಹಳ್ಳಿಯಲ್ಲಿ ಸುಮಾರು 40 ಅಡಿಯ ಸರಳು ನಿಲ್ಲಿಸಿದ. ವಿದ್ಯುತ್ ನೆಲಕ್ಕೆ ಇಳಿಯದಿರಲಿ ಅಂತ ಕೆಳಗೆ ವೈನ್ ಬಾಟಲಿಗಳನ್ನು ಇಟ್ಟಿದ್ದ. 1752ರ ಮೇ 10ರಂದು ಗುಡುಗಿದಾಗ ದಾಲಿಬಾರ್ ಊರಲ್ಲಿರಲಿಲ್ಲ. ಕಾವಲಿಗಿದ್ದ ಕ್ವಾಫಿಯೆ ಎಂಬ ಹಳೇ ಸೈನಿಕ ಗಾಜಿನ ಹಿಡಿಯ ತಂತಿಯನ್ನು ಸರಳಿನ ಹತ್ತಿರ ಹಿಡಿದ. ಚಟ್ ಅಂತ ಕಿಡಿ ಹಾರಿತು. ಅವನು ಊರಿನ ಪಾದ್ರಿಯನ್ನು ಕರೆಸಿದ. ಪಾದ್ರಿ ಆಲಿಕಲ್ಲು ಮಳೆಯಲ್ಲೇ ಓಡಿಬಂದು ತಾನೂ ಕಿಡಿ ತೆಗೆದು, ಆಗಿಂದಾಗಲೇ ದಾಲಿಬಾರ್‌ಗೆ ಕಾಗದ ಬರೆದ. ಮಿಂಚಿನಲ್ಲಿ ವಿದ್ಯುತ್ ಇದೆ ಅಂತ ಮೊದಲು ಕಂಡವರು ಇವರು. ಪುಸ್ತಕದಲ್ಲಿದ್ದಂತೆ ಮಾಡಿದರು, ಅದರಲ್ಲಿ ಹೇಳಿದ್ದೇ ಬಂತು.

ಫ್ರಾಂಕ್ಲಿನ್ ಅದೇ ವರ್ಷ ಗಾಳಿಪಟ ಹಾರಿಸಿದ್ದನ್ನು ಕಾಲಿನ್ಸನ್‌ಗೆ ಬರೆದ ಕಾಗದದಲ್ಲಿ ಹೇಳಿದ್ದಾನೆ, ಆದರೆ ಚುಟುಕಾಗಿ. ರೇಷ್ಮೆ ಕರವಸ್ತ್ರದ ಪಟ, ತುದಿಗೆ ಚೂಪು ತಂತಿ, ಸೆಣಬಿನ ದಾರ, ದಾರದ ಕೊನೆಗೆ ಒಂದು ಬೀಗದ ಕೈ, ಕೈಯಲ್ಲಿ ಹಿಡಿಯಲು ಒಣಗಿದ ರೇಷ್ಮೆ ಪಟ್ಟಿ. ಪಟಕ್ಕೆ ಸಿಡಿಲು ಹೊಡೆಯಲಿಲ್ಲ. ಹೊಡೆದಿದ್ದರೆ ಅವನು ಉಳಿಯುತ್ತಿರಲಿಲ್ಲ. ಮೋಡದ ಕೆಳಗೆ ಗಾಳಿಯಲ್ಲಿದ್ದ ವಿದ್ಯುತ್ತು ಸ್ವಲ್ಪ ಸ್ವಲ್ಪವಾಗಿ ಒದ್ದೆ ದಾರದಲ್ಲಿ ಇಳಿದು ಬಂತು, ದಾರದ ಎಳೆಗಳು ನಿಮಿರಿ ನಿಂತವು, ಬೀಗದ ಕೈಗೆ ಬೆರಳಿನ ಗೆಣ್ಣು ಒಡ್ಡಿದಾಗ ಕಿಡಿ ಬಂತು.

ಮಾರನೇ ವರ್ಷ, 1753ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಿಯೋರ್ಗ್ ರಿಕ್ಮನ್ ಎಂಬ ವಿಜ್ಞಾನಿ ಮನೆಯ ಮೇಲಿನ ಸರಳಿನಿಂದ ಒಳಗೆ ತಂತಿ ಎಳೆದುಕೊಂಡು ವಿದ್ಯುತ್ ಅಳೆಯಲು ಹೊರಟ. ಅಳತೆ ನೋಡಲು ಬಗ್ಗಿದಾಗ ತಲೆಗೇ ಹೊಡೆಯಿತು, ಅಲ್ಲೇ ಸತ್ತ. ಆ ಸುದ್ದಿಯೂ ಯುರೋಪ್ ತುಂಬಾ ಹೋಗಿದ್ದು ಕಾಗದದಲ್ಲೇ. ಅರ್ಥ ಆಯಿತಲ್ಲ ಪುಟ್ಟಾ?

ಪ್ರಶ್ನೆ: ಒಳ್ಳೆಯ ಉಪಕರಣಗಳೇ ಇಲ್ಲದೆ ಬರೀ ಕಣ್ಣಿನಿಂದ ನೋಡಿ ಏನು ತಾನೇ ಕಂಡುಹಿಡಿಯಲು ಸಾಧ್ಯ?

ಒಂದು ಚಮಚ ಎಣ್ಣೆಯಲ್ಲಿ ಎಷ್ಟು ಕಂಡರು ಅಂತ ಕೇಳಿ.

1757ರಲ್ಲಿ ಫ್ರಾಂಕ್ಲಿನ್ ಹಡಗಿನಲ್ಲಿ ಹೋಗುತ್ತಿದ್ದ. ಜೊತೆಗೆ ಇನ್ನೂ ಸುಮಾರು ಹಡಗುಗಳು. ಎರಡು ಹಡಗಿನ ಹಿಂದೆ ಮಾತ್ರ ನೀರು ನುಣುಪಾಗಿ ಕಾಣುತ್ತಿತ್ತು. ಯಾಕೆ ಅಂತ ಕ್ಯಾಪ್ಟನ್‌ನನ್ನು ಕೇಳಿದ. ಅಡುಗೆಯವರು ಜಿಡ್ಡಿನ ನೀರು ಚೆಲ್ಲಿರಬೇಕು, ಅಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ ಉತ್ತರ ಬಂತು. ಫ್ರಾಂಕ್ಲಿನ್‌ಗೆ ಅದು ಮನಸ್ಸಿನಲ್ಲಿ ಉಳಿಯಿತು. ಆಮೇಲೆ ತನ್ನ ಬಿದಿರಿನ ಕೈಗೋಲಿನ ಮೇಲಿನ ಟೊಳ್ಳಿನಲ್ಲಿ ಸ್ವಲ್ಪ ಎಣ್ಣೆ ಇಟ್ಟುಕೊಂಡೇ ಓಡಾಡತೊಡಗಿದ, ಎಲ್ಲಾದರೂ ನೀರು ಸಿಕ್ಕರೆ ಬೇಕಾಗುತ್ತದೆ ಅಂತ!

ಲಂಡನ್ನಿನ ಕ್ಲ್ಯಾಪಮ್ ಬಯಲಿನಲ್ಲಿ ದೊಡ್ಡ ಕೊಳ ಇತ್ತು. ಒಂದು ದಿನ ಗಾಳಿಗೆ ಅಲೆ ಎದ್ದಿತ್ತು. ಮೊದಲು ಅಲೆ ಜಾಸ್ತಿ ಇದ್ದ ದಡದಲ್ಲಿ ಎಣ್ಣೆ ಹಾಕಿದ. ಗಾಳಿ ಅದನ್ನು ವಾಪಸ್ ದಡಕ್ಕೇ ತಳ್ಳಿತು, ಏನೂ ಆಗಲಿಲ್ಲ. ಆಗ ಗಾಳಿ ಬರುವ ಕಡೆಯ ದಡಕ್ಕೆ, ಅಂದರೆ ಅಲೆ ಹುಟ್ಟುವ ಜಾಗಕ್ಕೆ ನಡೆದು ಹೋಗಿ ಅಲ್ಲಿ ಹಾಕಿದ. ಒಂದು ಟೀ ಚಮಚಕ್ಕಿಂತ ಜಾಸ್ತಿ ಇರಲಿಲ್ಲ. ಕ್ಷಣದಲ್ಲಿ ಕೆಲವು ಗಜ ನೀರು ಶಾಂತವಾಯಿತು, ನೋಡುತ್ತಿದ್ದಂತೆ ಅದು ಹರಡುತ್ತಾ ಎದುರು ದಡ ಮುಟ್ಟಿ, ಕೊಳದ ಕಾಲು ಭಾಗ, ಸುಮಾರು ಅರ್ಧ ಎಕರೆ, ಕನ್ನಡಿಯ ಹಾಗೆ ಆಯಿತು.

ಈಗ ಒಂದು ಲೆಕ್ಕ ಮಾಡೋಣ. ಚಮಚದಲ್ಲಿ 5 ಮಿಲಿಲೀಟರ್ ಅಂತ ಇಟ್ಟುಕೊಳ್ಳಿ. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಎಣ್ಣೆಯನ್ನು ಜಾಗದಿಂದ ಭಾಗಿಸಿದರೆ ಪದರದ ದಪ್ಪ ಸಿಗುತ್ತದೆ: ಒಂದು ಮಿಲಿಮೀಟರನ್ನು 4 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಂದು ಎಣ್ಣೆ ಅಣುವಿನ ಉದ್ದ ಹೆಚ್ಚುಕಡಿಮೆ ಇಷ್ಟೇ. ಅಂದರೆ ಆ ಕೊಳದ ಮೇಲೆ ಎಣ್ಣೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ನಿಂತಿತ್ತು! ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲಿಲ್ಲ, ಅಣುವಿನ ಗಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಎಷ್ಟು ಎಣ್ಣೆ, ಎಷ್ಟು ಜಾಗ ಅನ್ನುವ ಎರಡು ಅಂಕಿಗಳನ್ನು 1773ರ ನವೆಂಬರ್‌ನಲ್ಲಿ ವಿಲಿಯಂ ಬ್ರೌನ್‌ರಿಗ್ ಎಂಬ ವೈದ್ಯನಿಗೆ ಬರೆದ ಕಾಗದದಲ್ಲಿ ಹಾಕಿದ. ಮರುವರ್ಷ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಇದೇ ಥರದ ಎಣ್ಣೆ ಪದರಗಳ ದಪ್ಪ ಅಳೆದ. ಜರ್ಮನಿಯಲ್ಲಿ ಆಗ್ನೆಸ್ ಪಾಕೆಲ್ಸ್ ತನ್ನ ಅಡುಗೆಮನೆಯಲ್ಲೇ ತಗಡಿನ ತಟ್ಟೆಯಲ್ಲಿ ನೀರಿಟ್ಟುಕೊಂಡು ಇನ್ನೂ ಚೆನ್ನಾಗಿ ಅಳೆದಿದ್ದಳು. 1891ರಲ್ಲಿ ಆಕೆ ರೇಲಿಗೆ ಬರೆದ ಕಾಗದವನ್ನು ಅವನೇ ಪತ್ರಿಕೆಗೆ ಕಳಿಸಿ ಅಚ್ಚು ಮಾಡಿಸಿದ.

ಬ್ರೌನ್‌ರಿಗ್‌ಗೆ ಬರೆದ ಆ ಕಾಗದದಲ್ಲಿ ನನ್ನ ಮನಸ್ಸು ಹಿಡಿದದ್ದು ಮಾತ್ರ ಬೇರೆ ಭಾಗ. ಪೋರ್ಟ್ಸ್‌ಮತ್ ಬಳಿ ಸಮುದ್ರದಲ್ಲೂ ಫ್ರಾಂಕ್ಲಿನ್ ಪರೀಕ್ಷೆ ಮಾಡಿದ್ದ, ದಡಕ್ಕೆ ಬಡಿಯುವ ಅಲೆಗಳು ಕಡಿಮೆಯಾಗುತ್ತವೆಯೇ ಅಂತ. ಆಗಲಿಲ್ಲ. ಆಗಲಿಲ್ಲ ಅನ್ನುವುದನ್ನೂ, ಹೇಗೆ ಮಾಡಿದೆವು ಅನ್ನುವುದನ್ನೂ ಅವನು ಪೂರ್ತಿ ಬರೆದಿದ್ದಾನೆ. ಆ ದಿನ ಅದಕ್ಕೆಲ್ಲ ಏರ್ಪಾಡು ಮಾಡಿಕೊಟ್ಟ ನೌಕಾದಳದ ಕ್ಯಾಪ್ಟನ್ ಹೆಸರು ಜಾನ್ ಬೆಂಟಿಂಕ್. ಹೌದು, ಟ್ರೆಂಬ್ಲೆ ಪಾಠ ಹೇಳುತ್ತಿದ್ದ ಮನೆಯ ಕಿರಿಯ ಹುಡುಗ. ಹೈಡ್ರಾದ ಜಾಡಿಗಳ ಪಕ್ಕ ಬೆಳೆದ ಮಗು!

ಪ್ರಶ್ನೆ: ಒಬ್ಬೊಬ್ಬರ ಥರ್ಮಾಮೀಟರ್ ಒಂದೊಂದು ಥರ ಇತ್ತಂತೆ. ಹಾಗಾದರೆ ಕಾಗದದಲ್ಲಿ ಬರೆದ ಅಂಕಿಗೆ ಏನು ಬೆಲೆ?

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಒಂದು ಹಿತವಾದ ಕೋಣೆ, ಇವತ್ತಿನ ಲೆಕ್ಕದಲ್ಲಿ 20 ಡಿಗ್ರಿ ಸೆಲ್ಸಿಯಸ್ ಅಂತ ಇಟ್ಟುಕೊಳ್ಳಿ. ಫ್ಯಾರನ್‌ಹೀಟ್ ಅಳತೆಯಲ್ಲಿ ಅದು 68. ರೆಯೊಮ್ಯೂರ್ ಅಳತೆಯಲ್ಲಿ 16. ದೆಲಿಲ್ ಎಂಬವನ ಅಳತೆಯಲ್ಲಿ 120, ಯಾಕೆಂದರೆ ಅವನದು ಕುದಿಯುವ ನೀರು ಸೊನ್ನೆ, ತಣ್ಣಗಾದಷ್ಟೂ ಅಂಕಿ ಏರುತ್ತದೆ. 1742ರಲ್ಲಿ ಸೆಲ್ಸಿಯಸ್ ಮಾಡಿದ ಅಳತೆಯೂ ತಲೆಕೆಳಗಾಗೇ ಇತ್ತು, ಅದರಲ್ಲಿ ಈ ಕೋಣೆ 80. ಇದರ ಮೇಲೆ ಕೊಳವೆ ಚೆನ್ನಾಗಿ ಮಾಡದಿದ್ದರೆ ತಪ್ಪು, ಬಿಸಿಲಿನಲ್ಲಿಟ್ಟರೆ ತಪ್ಪು, ಒಬ್ಬ ಬೆಳಿಗ್ಗೆ ಒಬ್ಬ ಮಧ್ಯಾಹ್ನ ನೋಡಿದರೆ ಹೋಲಿಸಲು ಆಗುವುದೇ ಇಲ್ಲ.

ಇದಕ್ಕೆ ಸರಿಯಾದ ಮದ್ದು ಸಿಕ್ಕಿದ್ದು 1780ರಲ್ಲಿ, ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ. ದೊರೆ ಕಾರ್ಲ್ ಥಿಯೊಡೋರ್ ದುಡ್ಡು ಕೊಟ್ಟ, ಯೋಹಾನ್ ಯಾಕೋಬ್ ಹೆಮ್ಮರ್ ಎಂಬ ಪಾದ್ರಿ ಕೆಲಸ ನಡೆಸಿದ. ಒಂದಕ್ಕೊಂದು ಹೋಲಿಸಿ ಸರಿಮಾಡಿದ ಬ್ಯಾರೊಮೀಟರ್, ಥರ್ಮಾಮೀಟರ್‌ಗಳನ್ನು ದೂರದೂರದ ವೀಕ್ಷಕರಿಗೆ ಪುಕ್ಕಟೆ ಕಳಿಸಿದರು. ಜೊತೆಗೆ ಒಂದೇ ನಿಯಮ: ದಿನಾ ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 9 ಗಂಟೆಗೆ ನೋಡಿ ಬರೆಯಬೇಕು. ಮಠದ ಸನ್ಯಾಸಿಗಳು, ಕಾಲೇಜಿನ ಮೇಷ್ಟ್ರುಗಳು, ಹೀಗೆ 39 ಕಡೆ ಜನ ಬರೆದರು. ಅದರಲ್ಲಿ ಕೆಲವು ಗ್ರೀನ್‌ಲ್ಯಾಂಡ್, ರಷ್ಯ, ಅಮೆರಿಕದಷ್ಟು ದೂರ. ಆ ಅಂಕಿಗಳನ್ನು ಅಚ್ಚು ಹಾಕಿ ಹಂಚಿದರು. ಸುಮಾರು 40 ವರ್ಷ ಆದ ಮೇಲೆ ಬ್ರಾಂಡಿಸ್ ಎಂಬ ಜರ್ಮನ್ ವಿಜ್ಞಾನಿ, ಒಂದೇ ದಿನ ಎಲ್ಲಾ ಕಡೆ ಹವೆ ಹೇಗಿತ್ತು ಅಂತ ನಕ್ಷೆಯ ಮೇಲೆ ಜೋಡಿಸಲು ಹೊರಟಾಗ, ಕೈಗೆ ಸಿಕ್ಕಿದ್ದು ಇವೇ ಅಂಕಿಗಳು. ಹೆಮ್ಮರ್ 1790ರಲ್ಲೇ ತೀರಿಹೋಗಿದ್ದ. ಅವನ ಹೆಸರು ಶಾಲೆಯ ಪುಸ್ತಕದಲ್ಲಿ ಎಲ್ಲೂ ಇಲ್ಲದಿರುವುದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ಬರೀ ಗಂಡಸರ ಹೆಸರೇ ಕೇಳುತ್ತೇವೆ. ಹೆಂಗಸರು ಬರೆಯುತ್ತಿರಲಿಲ್ಲವೇ?

ಬರೆಯುತ್ತಿದ್ದರು. ಇಟಲಿಯ ಬೊಲೋನ್ಯಾದಲ್ಲಿ ಲಾರಾ ಬಾಸಿ 1732ರಲ್ಲೇ ಡಾಕ್ಟರೇಟ್ ಪಡೆದು ಪ್ರೊಫೆಸರ್ ಆದವಳು. ಅಲ್ಲಿನ ವಿಜ್ಞಾನ ಅಕಾಡೆಮಿಗೆ ತಾನು ಸೇರಬೇಕು ಅಂತ ಫ್ರಾನ್ಸಿನ ಲೇಖಕ ವೋಲ್ತೇರ್ ಕಾಗದ ಬರೆದು ಕೇಳಿಕೊಂಡಿದ್ದು ಆಕೆಯನ್ನು.

ಕ್ಯಾರೊಲಿನ್ ಹರ್ಷೆಲ್ ಬರೆದ ಒಂದು ಕಾಗದವನ್ನು ಇಲ್ಲಿ ಹೇಳಲೇಬೇಕು. 1786ರ ಆಗಸ್ಟ್ 1ರ ರಾತ್ರಿ, ಅಣ್ಣ ವಿಲಿಯಂ ಜರ್ಮನಿಗೆ ಹೋಗಿದ್ದಾಗ, ಆಕೆ ದೂರದರ್ಶಕದಲ್ಲಿ ಮಸುಕಾದ ಒಂದು ಕಾಯ ಕಂಡಳು. ಧೂಮಕೇತು ಇರಬಹುದು ಅನ್ನಿಸಿತು. ಆದರೆ ಕೂಡಲೇ ಸಾರಲಿಲ್ಲ. ಮಾರನೇ ರಾತ್ರಿ ಮತ್ತೆ ನೋಡಿ, ಅದು ಜಾಗ ಬದಲಿಸಿದ್ದು ಖಚಿತವಾದ ಮೇಲೆ ರಾಯಲ್ ಸೊಸೈಟಿಯ ಕಾರ್ಯದರ್ಶಿ ಚಾರ್ಲ್ಸ್ ಬ್ಲ್ಯಾಗ್ಡನ್‌ಗೆ ಬರೆದಳು. ಹತ್ತಿರದ ನಕ್ಷತ್ರಗಳು ಯಾವುವು, ಅವುಗಳಿಂದ ಧೂಮಕೇತು ಎಲ್ಲಿದೆ ಅಂತ ಸ್ಪಷ್ಟವಾಗಿ ತಿಳಿಸಿದ್ದರಿಂದ ಯಾರು ಬೇಕಾದರೂ ಹುಡುಕಬಹುದಿತ್ತು. ಕೆಲವೇ ದಿನಗಳಲ್ಲಿ ಸೊಸೈಟಿಯವರೇ ಅವಳ ಮನೆಗೆ ಬಂದು ನೋಡಿ ಹೋದರು. 1787ರಿಂದ ದೊರೆ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತು ಮಾಡಿದ. 1797ರವರೆಗೆ ಒಟ್ಟು 8 ಧೂಮಕೇತು ಆಕೆಗೆ ಸಿಕ್ಕವು. ಆದರೆ ರಾಯಲ್ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಿದ್ದು ಮಾತ್ರ 1945ರಲ್ಲಿ. ಕಾಗದ ಒಪ್ಪಿದವರು ಕಾಗದ ಬರೆದವಳಿಗೆ ಬಾಗಿಲು ತೆಗೆಯಲು ಇಷ್ಟು ಕಾಲ ಬೇಕಾಯಿತು ಅಂದರೆ ಸಿಟ್ಟು ಬರುತ್ತದೆ.

ಪ್ರಶ್ನೆ: ಸ್ವಾಲೋ ಹಕ್ಕಿಗಳು ಚಳಿಗಾಲದಲ್ಲಿ ನೀರಿನ ಅಡಿ ಮಲಗುತ್ತವೆ ಅಂತ ಲಿನೇಯಸ್‌ನಂಥವನೂ ನಂಬಿದ್ದನಂತೆ. ನಿಜವೇ?

ನಿಜ. ಗಿಡ ಪ್ರಾಣಿಗಳಿಗೆಲ್ಲ ಹೆಸರಿಡುವ ಕ್ರಮ ಕೊಟ್ಟ ಲಿನೇಯಸ್ ಅದನ್ನು ನಂಬಿದ್ದ. ಕಾಲಿನ್ಸನ್, ಅದೇ ಬಟ್ಟೆ ವ್ಯಾಪಾರಿ, ಇದು ಆಗದ ಮಾತು ಅಂತ ಅವನಿಗೆ ಕಾಗದ ಬರೆದು ವಾದ ಮಾಡಿದ.

ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್‌ಗೂ ಈ ಪ್ರಶ್ನೆ ಜೀವನಪೂರ್ತಿ ಕಾಡಿತು. ಅವನ ಕಿವಿ ಎಷ್ಟು ಸೂಕ್ಷ್ಮ ಅಂದರೆ, ನೋಡಲು ಒಂದೇ ಥರ ಇರುವ ಮೂರು ಪುಟ್ಟ ಹಕ್ಕಿಗಳು ಬೇರೆ ಬೇರೆ ಜಾತಿ ಅಂತ ಮುಖ್ಯವಾಗಿ ಅವುಗಳ ಹಾಡು ಕೇಳಿಯೇ ಗುರುತಿಸಿದ್ದ. ಜಿಬ್ರಾಲ್ಟರ್‌ನಲ್ಲಿದ್ದ ತಮ್ಮ, ಹಕ್ಕಿಗಳು ಅಲ್ಲಿ ಯುರೋಪ್ ಆಫ್ರಿಕ ನಡುವಿನ ಜಲಸಂಧಿ ದಾಟುವುದನ್ನು ನೋಡಿ ಬರೆದಿದ್ದ. ಹಾಗಾಗಿ ಬಹಳಷ್ಟು ವಲಸೆ ಹೋಗುತ್ತವೆ ಅಂತ ವೈಟ್ ಒಪ್ಪಿದ. ಆದರೂ ಚಳಿ ಬಂದ ಮೇಲೂ ಒಂದೊಂದು ಹಕ್ಕಿ ದಿಢೀರ್ ಅಂತ ಕಾಣುತ್ತಿತ್ತಲ್ಲ, ಅದಕ್ಕೆ ಕೆಲವು ಇಲ್ಲೇ ಎಲ್ಲೋ ಅಡಗಿ ಮಲಗುತ್ತವೇನೋ ಅಂತ ಅನುಮಾನ. ಪೊದೆಗಳಲ್ಲಿ ಹುಡುಕಿಸಿದ. ಒಂದೂ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದ, ಅನುಮಾನವನ್ನೂ ಮುಚ್ಚಿಡಲಿಲ್ಲ.

ಇದಕ್ಕೆ ಗಟ್ಟಿ ಸಾಕ್ಷಿ ಬಂದಿದ್ದು ತುಂಬಾ ತಡವಾಗಿ. 1911ರಲ್ಲಿ ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ಹಾಕಿ ಬಿಟ್ಟ ಒಂದು ಸ್ವಾಲೋ 1912ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ ಸಿಕ್ಕಿತು.

ಪ್ರಶ್ನೆ: ದಿನಾ ಹವೆ ಹೀಗಿತ್ತು, ಮೋಡ ಹಾಗಿತ್ತು ಅಂತ ಬರೆದಿಟ್ಟದ್ದು ಯಾವುದಾದರೂ ದೊಡ್ಡ ವಿಷಯಕ್ಕೆ ಉಪಯೋಗ ಆಗಿದೆಯೇ?

ಆಗಿದೆ. 1783ರ ಬೇಸಿಗೆಯದನ್ನೇ ಹೇಳುತ್ತೇನೆ. ಆ ವರ್ಷ ಯುರೋಪಿನ ಮೇಲೆ ಒಂದು ವಿಚಿತ್ರ ಒಣ ಮಬ್ಬು ಕವಿಯಿತು. ಮಂಜಾಗಿದ್ದರೆ ಬಿಸಿಲೇರಿದ ಮೇಲೆ ಕರಗಬೇಕಿತ್ತು, ಇದು ಕರಗಲಿಲ್ಲ. ಸೆಲ್ಬೋರ್ನ್‌ನಲ್ಲಿ ವೈಟ್ ಅದು ಜೂನ್ 23ರಿಂದ ಜುಲೈ 20ರವರೆಗೆ ಇತ್ತು ಅಂತ ತಾರೀಖು ಹಾಕಿ ಬರೆದ. ನಡುಮಧ್ಯಾಹ್ನವೂ ಸೂರ್ಯ ಮೋಡ ಮುಸುಕಿದ ಚಂದ್ರನಷ್ಟು ಮಂಕಾಗಿದ್ದ, ನೆಲದ ಮೇಲೆ ತುಕ್ಕು ಬಣ್ಣದ ಬೆಳಕು ಬೀಳುತ್ತಿತ್ತು, ಇವತ್ತು ಕಡಿದ ಮಾಂಸ ನಾಳೆ ತಿನ್ನಲು ಆಗುತ್ತಿರಲಿಲ್ಲ. ಜನ ಹೆದರಿದರು. ಮ್ಯಾನ್‌ಹೈಮ್‌ನ ವೀಕ್ಷಕರೂ ತಮ್ಮ ತಮ್ಮ ಊರಿನ ಪಟ್ಟಿಯಲ್ಲಿ ಈ ಮಬ್ಬನ್ನು ಗುರುತು ಹಾಕಿದರು.

ಪ್ಯಾರಿಸ್ ಪಕ್ಕದ ಪಾಸಿಯಲ್ಲಿದ್ದ ಫ್ರಾಂಕ್ಲಿನ್, ಭೂತಗನ್ನಡಿಯಿಂದ ಬಿಸಿಲು ಹಾಯಿಸಿದರೂ ಕಂದು ಕಾಗದ ಹೊತ್ತಿಕೊಳ್ಳುವುದೇ ಕಷ್ಟವಾಗಿತ್ತು ಅಂತ ಬರೆದ. ಬಿಸಿಲು ನೆಲಕ್ಕೆ ಸರಿಯಾಗಿ ಮುಟ್ಟಲಿಲ್ಲ, ಅದಕ್ಕೇ ಮುಂದಿನ ಚಳಿಗಾಲ ಅಷ್ಟು ಕಠಿಣವಾಯಿತೇನೋ, ಐಸ್‌ಲ್ಯಾಂಡಿನ ಹೆಕ್ಲಾ ಅಥವಾ ಅದರ ಹತ್ತಿರದ ಇನ್ನೊಂದು ಜ್ವಾಲಾಮುಖಿಯ ಹೊಗೆ ಇದಕ್ಕೆ ಕಾರಣ ಇರಬಹುದು ಅಂತ 1784ರಲ್ಲಿ ಊಹೆ ಮಾಡಿದ.

ಕಾರಣ ಐಸ್‌ಲ್ಯಾಂಡೇ. ಹೆಕ್ಲಾ ಅಲ್ಲ, ಲಾಕಿ. ಅಲ್ಲಿ 1783ರ ಜೂನ್ 8ರಂದು ನೆಲ ಸಾಲಾಗಿ ಬಿರಿದು ಮುಂದಿನ ಫೆಬ್ರುವರಿಯವರೆಗೂ ಲಾವಾ, ಗಂಧಕದ ಹೊಗೆ ಉಗುಳಿತ್ತು. ಆ ಹೊಗೆ ಯಾವ ದಿನ ಯಾವ ಊರು ಮುಟ್ಟಿತು, ಎಷ್ಟು ದಿನ ನಿಂತಿತು ಅಂತ ಇವತ್ತಿನ ಹವಾಮಾನ ಸಂಶೋಧಕರು ಲೆಕ್ಕ ಹಾಕುವಾಗ ಎದುರಿಗೆ ಇಟ್ಟುಕೊಳ್ಳುವುದು ಅದೇ ಡೈರಿಗಳನ್ನು, ಮ್ಯಾನ್‌ಹೈಮ್‌ನ ಅದೇ ಪಟ್ಟಿಗಳನ್ನು.